ಅಭಿಮಾನಿಗಳು ಕಟ್ಟುವ ಜೋಡಿಗಳ ಬಗ್ಗೆ ಕಲಾವಿದರು ಎಷ್ಟು ಮಾತನಾಡಬೇಕು?

ಅಲ್ಪವಿರಾಮ:

ಸಂದರ್ಶನ ಮುಗಿಯುವ ಹೊತ್ತಿಗೆ ನಿರೂಪಕರು ತುಂಟ ನಗು ಬೀರಿ, ‘ನಿಮ್ಮಿಬ್ಬರ ಪಾತ್ರಗಳ ಬಗ್ಗೆ ಅಭಿಮಾನಿಗಳು ಏನೇನು ಬರೆಯುತ್ತಾರೆ ಗೊತ್ತೇ?’ ಎಂದು ಕೇಳುವುದು ಈಗ ಸಂಪ್ರದಾಯವೇ ಆಗಿಬಿಟ್ಟಿದೆ. ನಟ ನಕ್ಕರೆ ಒಂದು ಗುಂಪಿಗೆ ಸಿಟ್ಟು, ಮುಖ ಸಿಂಡರಿಸಿದರೆ ಇನ್ನೊಂದು ಗುಂಪಿಗೆ. ಓದಿದ್ದೇನೆ ಎಂದರೆ ಪ್ರಚಾರದ ಗೀಳು, ಓದಿಲ್ಲ ಎಂದರೆ ಅಹಂಕಾರ. ಫ್ಯಾನ್ ಫಿಕ್ಷನ್ (ಅಭಿಮಾನಿಗಳು ಬರೆಯುವ ಕಥೆ) ಮತ್ತು ಶಿಪ್ಪಿಂಗ್ (ಇಬ್ಬರನ್ನು ಪ್ರೇಮಿಗಳೆಂದು ಕಲ್ಪಿಸಿ ಜೋಡಿ ಮಾಡುವುದು; ಆ ಜೋಡಿಯೇ ‘ಶಿಪ್’) ಬಗ್ಗೆ ಕಲಾವಿದರು ಹೇಗೆ ನಡೆದುಕೊಳ್ಳಬೇಕು ಎಂಬ ಚರ್ಚೆ ಇಲ್ಲಿ ಬಿಡಿಬಿಡಿಯಾಗಿ ಆಗುತ್ತಲೇ ಇರುತ್ತದೆ. ಒಂದು ಕಡೆ ಕೂಡಿಸೋಣ ಎಂದು ಈ ಎಳೆಯನ್ನು ತೆರೆದಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತಕರಾರು ಬಹುಪಾಲು ನಟರ ಮೇಲಲ್ಲ, ಹಾಳೆಯನ್ನು ತಂದು ಅವರ ಕೈಗೆ ಕೊಡುವವರ ಮೇಲೆ. 2013ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ‘ಶೆರ್ಲಾಕ್’ ಸರಣಿಯ ಮೂರನೆಯ ಆವೃತ್ತಿಯ ಮೊದಲ ಕಂತಿನ ವಿಶೇಷ ಪ್ರದರ್ಶನ ನಡೆಯಿತು. ನಂತರದ ಮಾತುಕತೆಯಲ್ಲಿ ಕಾರ್ಯಕ್ರಮ ನಡೆಸಿಕೊಟ್ಟ ಪತ್ರಕರ್ತೆ, ಹೋಮ್ಸ್ ಮತ್ತು ವಾಟ್ಸನ್ ನಡುವೆ ಪ್ರಣಯ ಕಲ್ಪಿಸಿದ ಅಭಿಮಾನಿ ಕಥೆಯೊಂದರ ಭಾಗವನ್ನು ಬೆನೆಡಿಕ್ಟ್ ಕಂಬರ್‌ಬ್ಯಾಚ್ ಮತ್ತು ಮಾರ್ಟಿನ್ ಫ್ರೀಮನ್ ಅವರಿಂದಲೇ ಗಟ್ಟಿಯಾಗಿ ಓದಿಸಿದರು. ಕಥೆ ಬರೆದವರ ಒಪ್ಪಿಗೆಯನ್ನು ಕೇಳಿರಲಿಲ್ಲ. ಇಬ್ಬರು ನಟರಿಗೂ ಇರಿಸುಮುರಿಸು, ಬರೆದವರಿಗೆ ಅವಮಾನ, ಸಭೆಗೆ ಮಾತ್ರ ಒಂದು ನಿಮಿಷದ ನಗೆ.

ವಿಪರ್ಯಾಸ ಇಲ್ಲೇ ಇದೆ. ಅದೇ ಕಂತಿನಲ್ಲಿ ಶೆರ್ಲಾಕ್ ಸಾವಿನಿಂದ ಪಾರಾದದ್ದು ಹೇಗೆಂದು ಊಹಿಸುವ ಅಭಿಮಾನಿಗಳ ಗುಂಪೊಂದು ಪಾತ್ರವಾಗಿಯೇ ಬರುತ್ತದೆ. ಅವರಲ್ಲೊಬ್ಬಳ ಊಹೆಯಲ್ಲಿ ಶೆರ್ಲಾಕ್ ಮತ್ತು ಅವನ ಶತ್ರು ಮೊರಿಯಾರ್ಟಿ ಮುತ್ತಿಡುವಷ್ಟು ಹತ್ತಿರ ಬರುತ್ತಾರೆ. ತೆರೆಯ ಮೇಲೆ ಅದು ಅಭಿಮಾನಿಗಳೊಂದಿಗಿನ ತಮಾಷೆ, ವೇದಿಕೆಯ ಮೇಲೆ ಅಭಿಮಾನಿಗಳ ಮೇಲಿನ ತಮಾಷೆ. ನೀವೇನು ಹೇಳುತ್ತೀರಿ?

ತಟಸ್ಥ:

ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ್ದನ್ನು ಯಾರೋ ಓದಿದರೆ ಅವಮಾನ ಹೇಗಾಗುತ್ತದೆ? ಓದಬಾರದು ಎಂದಿದ್ದರೆ ಹಾಕಬಾರದಿತ್ತು.

ಕೊನೆಯಸಾಲು:

ತಟಸ್ಥ ಅವರೇ, ಓದಬಾರದೆಂದು ಯಾರೂ ಹೇಳಿಲ್ಲ. ಬೀದಿಗೆ ತೆರೆದ ಜಗುಲಿಯಲ್ಲಿ ಕುಳಿತು ಆಡಿದ ಮಾತನ್ನು ಧ್ವನಿವರ್ಧಕಕ್ಕೆ ಹಾಕಿ ಕೇಳಿಸುವುದಕ್ಕೂ ದಾರಿಹೋಕರ ಕಿವಿಗೆ ಅದು ಬೀಳುವುದಕ್ಕೂ ವ್ಯತ್ಯಾಸವಿದೆ. ಬರೆದವರು ಯಾರಿಗಾಗಿ ಬರೆದರೋ ಆ ಓದುಗರು ಬೇರೆ, ಆ ಸಭೆಯೇ ಬೇರೆ. ನಡುವಿನಿಂದ ಹರಿದು ತೆಗೆದ ನಾಲ್ಕು ಸಾಲುಗಳನ್ನು ಆ ಪಾತ್ರಧಾರಿಗಳ ಬಾಯಿಯಲ್ಲೇ ಹೇಳಿಸಿದರೆ ಯಾವ ಶ್ರೇಷ್ಠ ಲೇಖಕನ ಗದ್ಯವೂ ನಗೆಪಾಟಲಾಗುತ್ತದೆ.

ಈ ಸಮಸ್ಯೆ ಅಂತರ್ಜಾಲದಿಂದ ಹುಟ್ಟಿದ್ದೂ ಅಲ್ಲ. ‘ಸ್ಟಾರ್ ಟ್ರೆಕ್’ ಅಭಿಮಾನಿಗಳು 1967ರಲ್ಲೇ ಸ್ವಂತ ಪತ್ರಿಕೆ ಹೊರಡಿಸಿದ್ದರು. ಎಪ್ಪತ್ತರ ದಶಕದಲ್ಲಿ ಆ ಸರಣಿಯ ನಾಯಕ ಕಿರ್ಕ್ ಮತ್ತು ಅವನ ಅನ್ಯಗ್ರಹದ ಗೆಳೆಯ ಸ್ಪಾಕ್ ಪ್ರೇಮಿಗಳೆಂದು ಬರೆದ ಕಥೆಗಳು ಟೈಪ್ ಮಾಡಿದ, ನಕಲು ತೆಗೆದ ಪುಟಗಳಲ್ಲಿ ಅಂಚೆಯ ಮೂಲಕ ಕೈಯಿಂದ ಕೈಗೆ ಹೋಗುತ್ತಿದ್ದವು. ಸುದ್ದಿ ಸರಣಿಯ ಸೃಷ್ಟಿಕರ್ತ ಜೀನ್ ರಾಡನ್‌ಬೆರಿ ಅವರಿಗೂ ಮುಟ್ಟಿತ್ತು. 1979ರಲ್ಲಿ ಬಂದ ಚಲನಚಿತ್ರವನ್ನು ಕಾದಂಬರಿಯಾಗಿ ಬರೆದಾಗ ಅವರು ಅದಕ್ಕೆ ಉತ್ತರಿಸಿದ ರೀತಿ ನನಗೆ ಇವತ್ತಿಗೂ ಅಚ್ಚುಮೆಚ್ಚು. ಪತ್ರಿಕಾ ಹೇಳಿಕೆ ಕೊಡಲಿಲ್ಲ, ಗದರಲಿಲ್ಲ. ಪುಟದ ಕೆಳಗೆ ಒಂದು ಅಡಿಟಿಪ್ಪಣಿ ಹಾಕಿ ಸ್ವತಃ ಕಿರ್ಕ್‌ನಿಂದಲೇ ಮಾತನಾಡಿಸಿದರು. ತಾವಿಬ್ಬರೂ ಪ್ರೇಮಿಗಳೆಂಬ ಗಾಳಿಮಾತು ತನಗೆ ತಿಳಿದೇ ಇರಲಿಲ್ಲ ಎನ್ನುತ್ತಾನೆ ಕಿರ್ಕ್. ತನಗೆ ಹೆಣ್ಣಿನ ಸಂಗವೇ ಹೆಚ್ಚು ಹಿತ ಎನ್ನುತ್ತಾನೆ. ಅಲ್ಲದೆ, ಏಳು ವರ್ಷಕ್ಕೊಮ್ಮೆ ಮಾತ್ರ ಬೆದೆಗೆ ಬರುವವನನ್ನು ಸಂಗಾತಿಯಾಗಿ ಆರಿಸಿಕೊಳ್ಳುವಷ್ಟು ದಡ್ಡ ತಾನೆಂದು ಜನ ಭಾವಿಸುವುದು ತನಗೆ ಇಷ್ಟವಿಲ್ಲ ಎಂದು ಸೇರಿಸುತ್ತಾನೆ! ಅಲ್ಲಗಳೆದ ಹಾಗೂ ಆಯಿತು, ಬಾಗಿಲಿಗೆ ಅಗುಳಿ ಹಾಕದೆ ಬಿಟ್ಟ ಹಾಗೂ ಆಯಿತು. ಬರೆಯುವವರು ಅದನ್ನು ಓದಿ ನಕ್ಕು, ಮತ್ತೆ ಬರೆಯಲು ಕುಳಿತರು.

ನೇಪಥ್ಯ:

ಕೊನೆಯಸಾಲು ಅವರು ಕೊಟ್ಟ ಉದಾಹರಣೆ ಚೆನ್ನಾಗಿದೆ, ಆದರೆ ರಾಡನ್‌ಬೆರಿ ಲೇಖಕರು. ಆ ಅಡಿಟಿಪ್ಪಣಿಯಲ್ಲಿ ಅವರ ಮುಖ ಇರಲಿಲ್ಲ. ನಟನ ಕಷ್ಟವೇ ಬೇರೆ. ಸಣ್ಣ ಪುಟ್ಟ ನಾಟಕಗಳಲ್ಲಿ ಪಾತ್ರ ಮಾಡುವವಳಾಗಿ ಹೇಳುತ್ತೇನೆ: ಎದುರಿಗಿರುವ ಪಾತ್ರದ ಮೇಲೆ ಪ್ರೀತಿ ಇದೆ ಎಂದು ಪ್ರೇಕ್ಷಕರು ನಂಬುವಂತೆ ಮಾಡುವುದೇ ನಮ್ಮ ಕೆಲಸ. ಕಣ್ಣು ಎಷ್ಟು ಹೊತ್ತು ನಿಲ್ಲಬೇಕು, ಕೈ ತಾಗಿದ ಮೇಲೆ ಯಾರು ಮೊದಲು ಹಿಂದೆ ತೆಗೆಯಬೇಕು ಎಂಬುದನ್ನು ತಾಲೀಮಿನಲ್ಲಿ ಎಣಿಸಿ ಎಣಿಸಿ ಕೂಡಿಸಿರುತ್ತೇವೆ. ಅದು ಫಲಿಸಿದೆ ಎಂಬುದಕ್ಕೆ ಒಂದು ಶಿಪ್ ಹುಟ್ಟುವುದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೇ? ಹಾಗಾಗಿ ಪಾತ್ರಗಳ ಬಗ್ಗೆ ಅಭಿಮಾನಿಗಳು ಬರೆದರೆ ನಟರಿಗೆ ಕೋಪ ಬರಲು ನನಗಂತೂ ಕಾರಣ ಕಾಣುವುದಿಲ್ಲ.

ನಟರಿಗಿರುವ ಒಂದು ಅನುಕೂಲ ಚಿತ್ರಕಥೆ ಬರೆಯುವವರಿಗೆ ಇಲ್ಲ. ಅಭಿಮಾನಿಯ ಕಥೆಯನ್ನು ಓದಿ, ನಾಳೆ ಅದನ್ನೇ ಹೋಲುವ ತಿರುವು ತಮ್ಮ ಸರಣಿಯಲ್ಲಿ ಬಂದರೆ ಕದ್ದರೆಂಬ ಆರೋಪ ಬರುತ್ತದೆ. ಅದಕ್ಕಾಗಿಯೇ ಬಹಳಷ್ಟು ಬರಹಗಾರರು ಆ ಕಡೆ ತಲೆ ಹಾಕಿ ಮಲಗುವುದಿಲ್ಲ. ನಟ ಕಥೆ ಕಟ್ಟುವವನಲ್ಲವಾದ್ದರಿಂದ ನಿರಾಳವಾಗಿ ಓದಬಹುದು. ‘ಗುಡ್ ಓಮೆನ್ಸ್’ ಸರಣಿಯಲ್ಲಿ ದೇವದೂತನ ಪಾತ್ರ ಮಾಡಿದ ಮೈಕೆಲ್ ಶೀನ್ ಆ ಸರಣಿಯ ಅಭಿಮಾನಿ ಕಥೆಗಳನ್ನು ತಾವು ಓದುತ್ತೇವೆಂದು 2019ರಲ್ಲಿ ಬಹಿರಂಗವಾಗಿಯೇ ಹೇಳಿದ್ದರು. ಅದರಲ್ಲಿ ವ್ಯಂಗ್ಯವಿರಲಿಲ್ಲ.

‘ಸ್ಟಾರ್ ವಾರ್ಸ್’ನ ಆಸ್ಕರ್ ಐಸಾಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತಾವು ಮಾಡಿದ ಪೋ ಪಾತ್ರಕ್ಕೂ ಅವನ ಗೆಳೆಯ ಫಿನ್‌ಗೂ ನಡುವಿನ ಸಂಬಂಧ ಮುಂದಿನ ಚಿತ್ರಗಳಲ್ಲಿ ಬೆಳೆದಿದ್ದರೆ ತನಗೆ ಇಷ್ಟವಾಗುತ್ತಿತ್ತು, ಆದರೆ ಅದು ತನ್ನ ಕೈಯಲ್ಲಿಲ್ಲ ಎಂಬ ಅರ್ಥದ ಮಾತನ್ನು ಅದೇ ವರ್ಷ ಆಡಿದರು. ಆಸೆಯನ್ನೂ ಹೇಳಿದರು, ಅಧಿಕಾರ ಇಲ್ಲದ್ದನ್ನೂ ಹೇಳಿದರು. ನನಗೆ ಈ ಎರಡನೆಯ ಭಾಗ ಮುಖ್ಯ. ಅದನ್ನು ಬಿಟ್ಟು ಬರೀ ಆಸೆ ಹುಟ್ಟಿಸುವವರೇ ಜಾಸ್ತಿ.

ಹೊಸಬ22:

ಕ್ಷಮಿಸಿ, ನನಗೆ ಒಂದು ಅರ್ಥವಾಗುತ್ತಿಲ್ಲ. ಪಾತ್ರಗಳ ಜೋಡಿ ಸರಿ. ನಟರನ್ನೇ, ಹಾಡುಗಾರರನ್ನೇ ಜೋಡಿ ಮಾಡಿ ಕಥೆ ಬರೆಯುವವರೂ ಇದ್ದಾರಲ್ಲ, ಅದೂ ಫ್ಯಾನ್ ಫಿಕ್ಷನ್ ಎಂದೇ ಲೆಕ್ಕವೇ?

ಅಲ್ಪವಿರಾಮ:

ಹೌದು, ಆದರೆ ಅದರ ಜಗಳವೇ ಬೇರೆ. ಫ್ಯಾನ್‌ಫಿಕ್ಷನ್ ಡಾಟ್ ನೆಟ್ ಎಂಬ ಅಭಿಮಾನಿ ಕಥೆಗಳ ತಾಣ 2002ರಲ್ಲೇ ನಿಜವಾದ ವ್ಯಕ್ತಿಗಳ ಕುರಿತ ಕಥೆಗಳನ್ನು ನಿಷೇಧಿಸಿತು. ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಇನ್ನೊಂದು ಕಥಾತಾಣ ಈಗಲೂ ಅವಕಾಶ ಕೊಡುತ್ತದೆ. 2019ರಲ್ಲಿ ಹ್ಯೂಗೋ ಪ್ರಶಸ್ತಿ ಪಡೆದ ತಾಣ ಅದು.

ಸೀಸನ್‌ನಾಲ್ಕು:

ನಾನು ಬರೆಯುವುದು ಅದನ್ನೇ, ವ್ಯಕ್ತಿಗಳ ಬಗ್ಗೆ. ನಾಚಿಕೆಯೇನೂ ಇಲ್ಲ. ಒಳಗಿನವರ ಶಿಸ್ತು ಹೊರಗಿನವರಿಗೆ ಕಾಣುವುದಿಲ್ಲವಾದ್ದರಿಂದ ಸ್ವಲ್ಪ ಹೇಳುತ್ತೇನೆ.

ಕಥೆಯನ್ನು ಆರ್ಕೈವ್‌ಗೆ ಹಾಕುವಾಗ ನೋಂದಾಯಿತ ಸದಸ್ಯರಿಗೆ ಮಾತ್ರ ಕಾಣುವಂತೆ ಬೀಗ ಹಾಕಬಹುದು. ನಾನು ಪ್ರತಿಯೊಂದಕ್ಕೂ ಹಾಕುತ್ತೇನೆ. ಎರಡು ಹೆಸರುಗಳ ನಡುವೆ ಓರೆಗೆರೆ ಇದ್ದರೆ ಪ್ರಣಯ, ‘ಮತ್ತು’ ಚಿಹ್ನೆ ಇದ್ದರೆ ಸ್ನೇಹ. ಹಾಗಾಗಿ ಬೇಡದವರು ಬೇಡದ್ದನ್ನು ತೆರೆಯಬೇಕಾಗಿಯೇ ಇಲ್ಲ. ಕಲಾವಿದರ ಖಾತೆಯನ್ನು ಟ್ಯಾಗ್ ಮಾಡುವುದಿಲ್ಲ. ಸಾಮಾಜಿಕ ಜಾಲತಾಣದಲ್ಲಿ ಹುಡುಕಿದರೆ ಸಿಗದಿರಲೆಂದು ಅವರ ಹೆಸರಿನ ಅಕ್ಷರಗಳ ನಡುವೆ ಚುಕ್ಕಿ ಇಡುವವರಿದ್ದಾರೆ. ಬರೆದದ್ದು ಕಲ್ಪನೆ ಎಂದು ಮೊದಲ ಸಾಲಿನಲ್ಲೇ ಹೇಳುತ್ತೇವೆ. ಈ ಕಟ್ಟುಪಾಡುಗಳ ಉದ್ದೇಶ ಒಂದೇ: ಅವರ ಕಣ್ಣಿಗೆ ಬೀಳದಿರುವುದು.

ಈ ಗೋಡೆಯನ್ನು ಒಡೆದು ಒಳಗೆ ಬರುವವರು ನಾವಲ್ಲ, ದೊಡ್ಡ ಮಾಧ್ಯಮಗಳು. 2019ರಲ್ಲಿ ‘ಯೂಫೋರಿಯಾ’ ಧಾರಾವಾಹಿಯ ಒಂದು ಕಂತಿನಲ್ಲಿ, ಅಭಿಮಾನಿ ಕಥೆ ಬರೆಯುವ ಪಾತ್ರವೊಂದರ ಕಲ್ಪನೆಯೆಂದು ಒನ್ ಡೈರೆಕ್ಷನ್ ಎಂಬ ಹಾಡುಗಾರರ ತಂಡದ ಹ್ಯಾರಿ ಸ್ಟೈಲ್ಸ್ ಮತ್ತು ಲೂಯಿ ಟಾಮ್ಲಿನ್ಸನ್ ಅವರ ಲೈಂಗಿಕ ದೃಶ್ಯವನ್ನು ಅನಿಮೇಷನ್‌ನಲ್ಲಿ ತೋರಿಸಿದರು. ತನ್ನನ್ನು ಯಾರೂ ಸಂಪರ್ಕಿಸಿರಲಿಲ್ಲ, ತಾನು ಒಪ್ಪಿಯೂ ಇರಲಿಲ್ಲ ಎಂದು ಲೂಯಿ ಹೇಳಬೇಕಾಯಿತು. ನಾವು ಬೀಗ ಹಾಕಿ ಇಟ್ಟುಕೊಂಡದ್ದನ್ನು ಅವರು ಮನೆಮನೆಯ ಟಿವಿಗೆ ತಂದರು, ಬೈಗುಳ ಮಾತ್ರ ನಮಗೆ ಸಿಕ್ಕಿತು.

ತಟಸ್ಥ:

ಅದೇ ಲೂಯಿ ಟಾಮ್ಲಿನ್ಸನ್ 2012ರಲ್ಲೇ ಆ ಜೋಡಿಯ ಮಾತು ಶುದ್ಧ ಸುಳ್ಳು ಎಂದು ಕಟುವಾಗಿಯೇ ಟ್ವೀಟ್ ಮಾಡಿದ್ದರು. ಆ ಗಾಸಿಪ್‌ನಿಂದ ತಾವಿಬ್ಬರೂ ಒಬ್ಬರೊಂದಿಗೊಬ್ಬರು ಸಹಜವಾಗಿ ಇರಲಾಗದೆ ಪ್ರತಿ ಚಲನೆಯನ್ನೂ ಅಳೆದು ನೋಡುವಂತಾಯಿತು ಎಂಬ ಅರ್ಥದಲ್ಲಿ ಮುಂದೆ 2017ರಲ್ಲಿ ಹೇಳಿದರು. ಗೆಳೆಯನ ಪಕ್ಕ ಕೂರಲು ಯೋಚಿಸಬೇಕಾದ ಸ್ಥಿತಿ ಬಂದದ್ದು ಟಿವಿಯಿಂದಲ್ಲ. ಬೀಗ, ಚುಕ್ಕಿ, ಓರೆಗೆರೆ ಎಲ್ಲ ಸರಿ. ಅದನ್ನು ಪಾಲಿಸದ ನಿಮ್ಮವರ ಬಗ್ಗೆ ಏನು ಹೇಳುತ್ತೀರಿ?

ಸೀಸನ್‌ನಾಲ್ಕು:

ಅವರು ಕಥೆ ಬರೆಯುವವರಲ್ಲ, ಕಥೆಯನ್ನು ಸಾಕ್ಷ್ಯವೆಂದು ನಂಬಿದವರು. ಇಬ್ಬರ ನಡುವೆ ಗುಟ್ಟಿದೆ, ಕಂಪನಿ ಬಚ್ಚಿಡುತ್ತಿದೆ ಎಂದು ಫೋಟೋಗಳಿಗೆ ಬಾಣದ ಗುರುತು ಹಾಕುವವರು. ನಮ್ಮಲ್ಲಿ ಹೆಚ್ಚಿನವರಿಗೆ ಅವರನ್ನು ಕಂಡರಾಗದು. ಕಲ್ಪನೆ ಎಂದು ತಿಳಿದೇ ಬರೆಯುವವಳಿಗೆ ನಿಜವಾಗಲಿ ಎಂಬ ಹಂಬಲ ಇರುವುದಿಲ್ಲ. ಹ್ಯಾರಿ ಸ್ಟೈಲ್ಸ್ ಬಗ್ಗೆ ವಾಟ್‌ಪ್ಯಾಡ್ ಕಥಾತಾಣದಲ್ಲಿ ಕಂತು ಕಂತಾಗಿ ಬಂದ ‘ಆಫ್ಟರ್’ 2014ರಲ್ಲಿ ಹೆಸರು ಬದಲಿಸಿ ಪುಸ್ತಕವಾಯಿತು, 2019ರಲ್ಲಿ ಸಿನಿಮಾ ಆಯಿತು. ಹೆಸರು ತೆಗೆದರೂ ಕಥೆ ನಿಂತಿತಲ್ಲ. ಆ ಮುಖ ನಮಗೆ ಮೊದಲ ಮೆಟ್ಟಿಲು ಅಷ್ಟೇ.

ನೇಪಥ್ಯ:

ಸೀಸನ್‌ನಾಲ್ಕು ಅವರೇ, ಹೆಸರು ತೆಗೆದರೂ ನಿಲ್ಲುವುದಾದರೆ ಮೊದಲೇ ತೆಗೆದು ಬರೆಯಬಹುದಲ್ಲ?

ಸೀಸನ್‌ನಾಲ್ಕು:

ಬರೆಯಬಹುದು. ಆಗ ಓದುವವರು ಹನ್ನೆರಡು ಜನ.

ತಟಸ್ಥ:

ಪ್ರಾಮಾಣಿಕ ಉತ್ತರ, ಒಪ್ಪಿದೆ. ಆದರೂ ಕಲಾವಿದರ ಕಡೆಯ ಲೆಕ್ಕವನ್ನು ಸ್ವಲ್ಪ ನೋಡಿ. ‘ಔಟ್‌ಲ್ಯಾಂಡರ್’ ಧಾರಾವಾಹಿಯ ನಾಯಕ ಸ್ಯಾಮ್ ಹ್ಯೂಅನ್ ತಮಗೂ ತಮ್ಮ ಹತ್ತಿರದವರಿಗೂ ಆರು ವರ್ಷಗಳಿಂದ ಆಗುತ್ತಿರುವ ಕಿರುಕುಳದ ಬಗ್ಗೆ 2020ರ ಏಪ್ರಿಲ್‌ನಲ್ಲಿ ದೀರ್ಘ ಹೇಳಿಕೆ ಕೊಟ್ಟರು. ನಾಯಕಿ ಕಟ್ರೀನಾ ಬಾಲ್ಫ್ ಅವರಿಗೆ ಅದಕ್ಕೆ ಮುಂಚಿನ ವರ್ಷವೇ ಬೇರೊಬ್ಬರೊಂದಿಗೆ ಮದುವೆಯಾಗಿತ್ತು. ತೆರೆಯ ಮೇಲಿನ ಗಂಡ ಹೆಂಡತಿ ತೆರೆಯ ಹೊರಗೂ ಹಾಗೇ ಇರಬೇಕೆಂದು ಪಟ್ಟು ಹಿಡಿದ ಜನರಿಗೆ ಯಾವ ಸ್ಪಷ್ಟನೆಯೂ ಸಾಲದು.

ಕಿಟ್ ಕಾನರ್ ಅವರದು ಇನ್ನೂ ಕೆಟ್ಟದ್ದು. ‘ಹಾರ್ಟ್‌ಸ್ಟಾಪರ್’ನಲ್ಲಿ ದ್ವಿಲಿಂಗಾಸಕ್ತ ಹುಡುಗನ ಪಾತ್ರ ಮಾಡಿದವರು. ನಿಜ ಜೀವನದಲ್ಲಿ ಒಬ್ಬ ನಟಿಯ ಜೊತೆ ಕಾಣಿಸಿಕೊಂಡದ್ದೇ ತಡ, ಅಭಿಮಾನಿಗಳಿಗೆ ಮೋಸ ಮಾಡುತ್ತಿದ್ದಾರೆ ಎಂಬ ಗದ್ದಲ ಎದ್ದಿತು. 2022ರ ಅಕ್ಟೋಬರ್ 31ರಂದು ಅವರು ತಾನೂ ದ್ವಿಲಿಂಗಾಸಕ್ತ ಎಂದು ಘೋಷಿಸಿದರು. ಹದಿನೆಂಟು ವರ್ಷದವನೊಬ್ಬನಿಂದ ಬಲವಂತವಾಗಿ ಇದನ್ನು ಹೇಳಿಸಿದ್ದಕ್ಕೆ ಅಭಿನಂದನೆಗಳು ಎಂದು ಚುಚ್ಚಿ, ಆ ಧಾರಾವಾಹಿಯ ತಿರುಳೇ ನಿಮಗೆ ತಿಳಿಯಲಿಲ್ಲವೇನೋ ಎಂದೂ ಸೇರಿಸಿದರು. ಇಲ್ಲಿ ಹಾಳೆ ತಂದುಕೊಟ್ಟ ನಿರೂಪಕರು ಯಾರು, ಅಲ್ಪವಿರಾಮ ಅವರೇ?

ಅಲ್ಪವಿರಾಮ:

ಯಾರೂ ಇಲ್ಲ. ಅದಕ್ಕೇ ‘ಬಹುಪಾಲು’ ಎಂದೆ. ಆದರೆ ನೀವು ಕೊಟ್ಟ ಎರಡೂ ಉದಾಹರಣೆಗಳಲ್ಲಿ ಪಾತ್ರ ಮುಗಿದು ವ್ಯಕ್ತಿ ಶುರುವಾಗುವ ಜಾಗ ಅಳಿಸಿಹೋಗಿದೆ. ನಟರು ಮಾತನಾಡಬಹುದಾದ ಪ್ರದೇಶ ಪಾತ್ರದ್ದು. ತಮ್ಮ ಜೀವನದ ಬಗ್ಗೆ ಒಂದು ಸಾಲು ಉತ್ತರಿಸಿದರೂ ಮುಂದಿನ ಹತ್ತು ಪ್ರಶ್ನೆಗಳಿಗೆ ಅನುಮತಿ ಕೊಟ್ಟಂತೆ.

ಝೀನಾ ಪಾತ್ರ ಮಾಡಿದ ಲೂಸಿ ಲಾಲೆಸ್ ಅವರನ್ನು ನೋಡಿ. ‘ಝೀನಾ’ ಸರಣಿ ನಡೆದದ್ದು 1995ರಿಂದ 2001ರವರೆಗೆ. ಝೀನಾ ಮತ್ತು ಅವಳ ಒಡನಾಡಿ ಗೇಬ್ರಿಯಲ್ ಪ್ರೇಮಿಗಳೇ ಎಂಬ ಪ್ರಶ್ನೆಗೆ ಸರಣಿ ಕೊನೆಯವರೆಗೂ ಕಣ್ಣು ಮಿಟುಕಿಸುತ್ತಲೇ ಇತ್ತು. ಮುಗಿದ ಮೇಲೆ 2003ರಲ್ಲಿ ಲೂಸಿ, ಕೊನೆಯ ಕಂತನ್ನು ನೋಡಿದರೆ ಅವರಿಬ್ಬರೂ ಮದುವೆಯಾದವರೇ ಸರಿ ಎಂಬರ್ಥದ ಮಾತನ್ನು ಹೇಳಿ ಮುಗಿಸಿದರು. ತನ್ನ ಬಗ್ಗೆ ಏನೂ ಹೇಳಲಿಲ್ಲ, ಪಾತ್ರದ ಬಗ್ಗೆ ಪೂರ್ತಿ ಹೇಳಿದರು. ಅದೇ ಸರಣಿಯವರು ಆರನೆಯ ಆವೃತ್ತಿಗೆ ಅಭಿಮಾನಿ ಕಥೆಗಳ ಲೇಖಕಿ ಮೆಲಿಸ್ಸಾ ಗುಡ್ ಅವರಿಂದ ಚಿತ್ರಕಥೆ ಬರೆಸಿದ್ದರು. ಗುರುತಿಸುವುದು ಎಂದರೆ ಹೀಗೆ, ಚೆಕ್ ಬರೆದು ಕೊಡುವುದು.

ಕೊನೆಯಸಾಲು:

ಒಂದೇ ಸರಣಿಯೊಳಗೆ ಇಬ್ಬರು ನಟರು ಎರಡು ರೀತಿ ನಡೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ‘ಸೂಪರ್‌ನ್ಯಾಚುರಲ್’ ನೋಡಬೇಕು. ಡೀನ್ ಮತ್ತು ದೇವದೂತ ಕ್ಯಾಸ್ಟಿಯಲ್ ಜೋಡಿಯ ಬಗ್ಗೆ, ಕ್ಯಾಸ್ಟಿಯಲ್ ಪಾತ್ರದ ಮಿಶಾ ಕಾಲಿನ್ಸ್ ಅಭಿಮಾನಿ ಸಮಾವೇಶಗಳಲ್ಲಿ ಸಲೀಸಾಗಿ ತಮಾಷೆ ಮಾಡುತ್ತಿದ್ದರು. ಡೀನ್ ಪಾತ್ರದ ಜೆನ್ಸನ್ ಆಕಲ್ಸ್ ಅಂತಹ ಪ್ರಶ್ನೆಗಳಿಂದ ದೂರವೇ ಇರಲು ನೋಡುತ್ತಿದ್ದರು. ಅಭಿಮಾನಿಗಳು ಇದನ್ನೂ ಪಂಗಡ ಮಾಡಿಕೊಂಡರು: ಮಿಶಾ ನಮ್ಮವರು, ಜೆನ್ಸನ್ ಶತ್ರು. ಪ್ರಶ್ನೆಯೊಂದಕ್ಕೆ ಉತ್ತರ ಕೊಡಲು ಹಿಂಜರಿಯುವುದು ಶತ್ರುತ್ವವಾದರೆ ಮನುಷ್ಯರು ವೇದಿಕೆ ಹತ್ತುವುದು ಹೇಗೆ? ತಮಾಷೆ ಮಾಡುವವರು ಜೊತೆಗಾರನಿಗೆ ಎಷ್ಟು ಇಕ್ಕಟ್ಟು ತಂದಿಡುತ್ತಾರೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸರಣಿಯಂತೂ 2009ರಲ್ಲೇ ತನ್ನ ಅಭಿಮಾನಿ ಕಥೆಗಳನ್ನು ಕಥೆಯೊಳಕ್ಕೆ ಎಳೆದುಕೊಂಡಿತ್ತು. 2014ರಲ್ಲಿ ಬಂದ 200ನೆಯ ಕಂತಿನಲ್ಲಿ ಶಾಲೆಯ ಹುಡುಗಿಯರು ಡೀನ್ ಮತ್ತು ಅವನ ತಮ್ಮನ ಬದುಕನ್ನೇ ಸಂಗೀತ ನಾಟಕವಾಗಿ ಆಡುತ್ತಾರೆ. 2009ರದ್ದು ಕಾಲೆಳೆತ, 2014ರದ್ದು ಕೈಕುಲುಕಿದ್ದು. ಐದು ವರ್ಷದಲ್ಲಿ ಬಂದ ಬದಲಾವಣೆ ಅದು. ಕೊನೆಗೆ 2020ರ ನವೆಂಬರ್ 5ರಂದು ಕ್ಯಾಸ್ಟಿಯಲ್ ತನ್ನ ಪ್ರೀತಿಯನ್ನು ಬಾಯಿಬಿಟ್ಟು ಹೇಳಿದ, ಮರುಕ್ಷಣವೇ ಅವನನ್ನು ಶೂನ್ಯ ನುಂಗಿತು. ಹನ್ನೆರಡು ವರ್ಷ ಕಾದವರಿಗೆ ಸಿಕ್ಕಿದ್ದು ಅಷ್ಟು.

ನೇಪಥ್ಯ:

ಅಪಹಾಸ್ಯದ ಉದಾಹರಣೆಯೂ ಒಂದಿರಲಿ. 2017ರ ಸ್ಯಾನ್ ಡಿಯೇಗೊ ಕಾಮಿಕ್ ಕಾನ್‌ನಲ್ಲಿ ‘ಸೂಪರ್‌ಗರ್ಲ್’ ತಂಡದ ಸಂದರ್ಶನ. ಹಿಂದಿನ ಆವೃತ್ತಿಯ ಕಥೆಯನ್ನು ಹಾಡಿನಲ್ಲಿ ಹೇಳುತ್ತಾ ನಟ ಜೆರೆಮಿ ಜಾರ್ಡನ್, ನಾಯಕಿ ಕಾರಾ ಮತ್ತು ಲೀನಾ ಬರೀ ಗೆಳತಿಯರು, ಅವರು ಒಂದಾಗುವುದಿಲ್ಲ ಎಂದು ಗಟ್ಟಿ ದನಿಯಲ್ಲಿ ಹಾಡಿಬಿಟ್ಟರು. ಸುತ್ತಲಿದ್ದವರು ನಕ್ಕರು. ‘ಇಲ್ಲ’ ಎಂದದ್ದಕ್ಕೆ ಜನ ನೊಂದುಕೊಳ್ಳಲಿಲ್ಲ. ಇಬ್ಬರು ಹೆಂಗಸರು ಪ್ರೀತಿಸುವುದೇ ನಗೆಯ ವಸ್ತುವಾಯಿತಲ್ಲ ಎಂದು ನೊಂದರು. ಆಮೇಲೆ ಜೆರೆಮಿ ಕ್ಷಮೆ ಕೇಳಿದರು.

ದಾರಿಬದಿ:

ಇಷ್ಟು ಹೊತ್ತು ಓದುತ್ತಿದ್ದೆ. ನೀವೆಲ್ಲರೂ ನಟನಿಗೆ ಆಯ್ಕೆ ಇದೆ ಎಂದೇ ಭಾವಿಸಿ ಮಾತನಾಡುತ್ತಿದ್ದೀರಿ. ಥಾಯ್ಲೆಂಡಿನ ಬಿಎಲ್ (ಬಾಯ್ಸ್ ಲವ್, ಹುಡುಗರಿಬ್ಬರ ಪ್ರೇಮದ) ಧಾರಾವಾಹಿಗಳಲ್ಲಿ ಹಾಗಿಲ್ಲ. ಇಬ್ಬರು ಹುಡುಗರನ್ನು ಜೋಡಿಯಾಗಿಯೇ ಬೆಳೆಸುತ್ತಾರೆ. ಧಾರಾವಾಹಿ, ಜಾಹೀರಾತು, ಅಭಿಮಾನಿಗಳ ಭೇಟಿ ಎಲ್ಲಕ್ಕೂ ಒಟ್ಟಿಗೆ ಕಳುಹಿಸುತ್ತಾರೆ. ವೇದಿಕೆಯ ಮೇಲೆ ಒಬ್ಬ ಇನ್ನೊಬ್ಬನ ಬೆವರು ಒರೆಸುವುದು ಕೂಡ ದುಡಿಮೆಯ ಭಾಗ. ಒಬ್ಬನಿಗೆ ಗೆಳತಿ ಇದ್ದಾಳೆಂದು ತಿಳಿದರೆ ನಷ್ಟವಾಗುವುದು ಇಬ್ಬರಿಗೂ. ಅಲ್ಲಿ ಶಿಪ್ ಅನ್ನು ಗುರುತಿಸಬೇಕೇ ಎಂಬ ಪ್ರಶ್ನೆಯೇ ಏಳುವುದಿಲ್ಲ, ಅದೇ ಸಂಬಳ.

ಕೊರಿಯಾದಲ್ಲಿ ಎಸ್‌ಎಂ ಎಂಟರ್‌ಟೈನ್‌ಮೆಂಟ್ ಸಂಸ್ಥೆ ತನ್ನ ಟಿವಿಎಕ್ಸ್‌ಕ್ಯೂ ಎಂಬ ಹಾಡುಗಾರರ ತಂಡದ ಬಗ್ಗೆ ಅಭಿಮಾನಿ ಕಥೆಗಳ ಸ್ಪರ್ಧೆಯನ್ನೇ 2006ರಲ್ಲಿ ನಡೆಸಿತ್ತು. ಅದೇ ದೇಶದಲ್ಲಿ 2021ರ ಜನವರಿಯಲ್ಲಿ, ನಿಜ ವ್ಯಕ್ತಿಗಳ ಬಗ್ಗೆ ಲೈಂಗಿಕ ಕಥೆ ಬರೆಯುವವರನ್ನು ಶಿಕ್ಷಿಸಬೇಕೆಂದು ಸರ್ಕಾರಕ್ಕೆ ಸಲ್ಲಿಸಿದ ಮನವಿಗೆ ಎರಡು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಹದಿನೈದು ವರ್ಷ ಕಂಪನಿಗಳು ಬಿತ್ತಿ ನೀರೆರೆದ ಮೇಲೆ, ಬೆಳೆದು ನಿಂತದ್ದಕ್ಕೆ ಬರೆಯುವ ಹುಡುಗಿಯರಿಗೆ ಶಿಕ್ಷೆ! ಚರ್ಚೆಯಲ್ಲಿ ಕಲಾವಿದರ ಶೀಲ, ಅಭಿಮಾನಿಗಳ ಶೀಲ ಬರುತ್ತವೆ, ಟಿಕೆಟ್ ಮಾರಿದವರ ಶೀಲ ಬರುವುದೇ ಇಲ್ಲ.

ತಟಸ್ಥ:

ಹಾಗಾದರೆ ಬಾಯಿ ಮುಚ್ಚಿಕೊಂಡಿರುವುದೇ ಕ್ಷೇಮ ಅನ್ನಿ.

ದಾರಿಬದಿ:

ಅದೂ ಅಲ್ಲ. ಚೀನಾದ ನಟ ಶಾವ್ ಝಾನ್ ಬಾಯಿ ಮುಚ್ಚಿಕೊಂಡೇ ಇದ್ದರು. ‘ದಿ ಅನ್‌ಟೇಮ್ಡ್’ ಸರಣಿಯ ಸಹನಟನೊಂದಿಗೆ ಅವರನ್ನು ಜೋಡಿ ಮಾಡಿದ ಕಥೆಯೊಂದು ಅವಮಾನಕರ ಎಂದು ಅವರ ಅಭಿಮಾನಿಗಳಲ್ಲೇ ಒಂದು ಗುಂಪು ಅಧಿಕಾರಿಗಳಿಗೆ ದೂರು ಕೊಟ್ಟಿತು. 2020ರ ಫೆಬ್ರುವರಿ 29ರಂದು ಇಡೀ ಆರ್ಕೈವ್ ಚೀನಾದಲ್ಲಿ ತೆರೆಯದಂತಾಯಿತು. ಒಂದು ಕಥೆಯ ಮೇಲಿನ ಸಿಟ್ಟಿಗೆ ಲಕ್ಷಾಂತರ ಕಥೆಗಳು ಹೋದವು. ಕಥೆ ಕಳೆದುಕೊಂಡವರ ಕೋಪ ತಿರುಗಿದ್ದು ದೂರು ಕೊಟ್ಟವರ ಮೇಲಷ್ಟೇ ಅಲ್ಲ, ನಟನ ಮೇಲೆ. ಅವರು ಜಾಹೀರಾತು ಮಾಡುತ್ತಿದ್ದ ಸರಕುಗಳನ್ನು ಬಹಿಷ್ಕರಿಸಿದರು. ಅವರ ಕಚೇರಿ ಕ್ಷಮೆ ಕೇಳಬೇಕಾಯಿತು. ಆತ ಒಂದಕ್ಷರ ಬರೆದಿರಲಿಲ್ಲ, ಒಂದಕ್ಷರ ಆಡಿರಲಿಲ್ಲ. ನನ್ನ ಹೆಸರಿನಲ್ಲಿ ಯಾರ ಮೇಲೂ ದೂರು ಕೊಡಬೇಡಿ ಎಂದು ಮೊದಲೇ ಒಂದು ಮಾತು ಹೇಳಿದ್ದಿದ್ದರೆ ಎಂದು ಈಗಲೂ ಜನ ವಾದಿಸುತ್ತಾರೆ.

ಅಲ್ಪವಿರಾಮ:

ಈ ಒಂದು ಮಾತನ್ನು ಮಾತ್ರ ಎಲ್ಲ ಕಲಾವಿದರೂ ಹೇಳಬೇಕೆಂದು ನನಗೂ ಅನ್ನಿಸುತ್ತದೆ. ಕಥೆ ಇಷ್ಟವೇ, ಓದಿದ್ದೀರಾ, ಜೋಡಿ ನಿಜವೇ ಎಂಬುದಕ್ಕೆಲ್ಲ ಉತ್ತರಿಸಬೇಕಾಗಿಲ್ಲ. ನನ್ನ ಪರವಾಗಿ ಇನ್ನೊಬ್ಬರಿಗೆ ಕಿರುಕುಳ ಕೊಡಬೇಡಿ ಎಂದರೆ ಸಾಕು. ‘ಸ್ಲೀಪಿ ಹಾಲೋ’ ಸರಣಿಯ ನಟ ಆರ್ಲಾಂಡೊ ಜೋನ್ಸ್ 2013ರಲ್ಲಿ ಟಂಬ್ಲರ್ ಜಾಲತಾಣಕ್ಕೆ ಬಂದು ಅಭಿಮಾನಿಗಳ ಕಥೆ, ಚಿತ್ರ, ಶಿಪ್ ಎಲ್ಲದರ ಬಗ್ಗೆಯೂ ಅವರಲ್ಲೊಬ್ಬರಂತೆ ಹರಟುತ್ತಿದ್ದರು. ಅಂತಹವರು ಹೇಳಿದರೆ ಜನ ಕೇಳುತ್ತಾರೆ ಕೂಡ.

ಸೀಸನ್‌ನಾಲ್ಕು:

ನನಗೆ ಆರ್ಲಾಂಡೊ ಜೋನ್ಸ್ ಬಗೆಯವರೇ ಹೆಚ್ಚು ಭಯ. ಬೈಯುವ ನಟನಿಂದ ತಪ್ಪಿಸಿಕೊಳ್ಳುವುದು ಸುಲಭ, ಪಕ್ಕದಲ್ಲೇ ಬಂದು ಕುಳಿತವರಿಂದ ಹೇಗೆ? ಅವರು ಓದುತ್ತಿದ್ದಾರೆಂದು ಗೊತ್ತಾದ ದಿನದಿಂದ ನನ್ನ ಪ್ರತಿ ವಾಕ್ಯವೂ ಅವರಿಗೆ ಹೇಗೆ ಕಾಣಬಹುದೆಂದು ಯೋಚಿಸಿ ಬರುತ್ತದೆ. ಅದು ಕಥೆಯಾಗುವುದಿಲ್ಲ, ಅರ್ಜಿಯಾಗುತ್ತದೆ.

ಕೊನೆಯಸಾಲು:

ಮೈಕೆಲ್ ಶೀನ್ ಓದುತ್ತೇನೆ ಎಂದ ಮೇಲೂ ಅಲ್ಲಿನವರು ನಿಲ್ಲಿಸಲಿಲ್ಲವಲ್ಲ.

ಸೀಸನ್‌ನಾಲ್ಕು:

ಬರೆಯುವುದನ್ನು ನಿಲ್ಲಿಸಲಿಲ್ಲ. ಬೀಗ ಹಾಕಿದವರು ಎಷ್ಟು ಮಂದಿ ಎಂಬುದು ಹೊರಗಿನಿಂದ ನೋಡಿದರೆ ನಿಮಗೆ ಕಾಣುವುದಿಲ್ಲ.